ಗಟ್ಟಿ ಹುಡುಗನನ್ನೇ ಬೆಂಚಿನಲ್ಲಿ ಕೂರಿಸಬಹುದಾ? ಸ್ಪ್ರಿಂಗ್‌ಬಾಕ್ಸ್ (ದಕ್ಷಿಣ ಆಫ್ರಿಕಾದ ರಗ್ಬಿ ತಂಡ) ಲೆಕ್ಕ ನಮ್ಮ ಏಳು ಜನರ ತಂಡಕ್ಕೆ ಆಗುತ್ತದಾ?

ಗೊರಾಯಿ ಕೋಚ್ (ದಹಿಸರ್, ಮುಂಬಯಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಕುಂದಾಪುರ ಕಡೆಯವನು. ಊರಲ್ಲಿ ಕಬಡ್ಡಿ ಆಡುತ್ತಿದ್ದೆ, ರೈಟ್ ಕಾರ್ನರ್. ಮುಂಬಯಿಗೆ ಬಂದು 19 ವರ್ಷ ಆಯಿತು. ವಾರಕ್ಕೆ ಆರು ದಿನ ಫೋರ್ಟ್‌ನಲ್ಲಿ ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಗ್ಗೆ ಗೊರಾಯಿ ಬೀಚಿನಲ್ಲಿ 17 ವರ್ಷದೊಳಗಿನ ಹುಡುಗರಿಗೆ ರಗ್ಬಿ ಕಲಿಸುತ್ತೇನೆ. ನೀರು ಇಳಿದಾಗ ಮರಳು ಗಟ್ಟಿಯಾಗಿ ಸಿಗುತ್ತದೆ, ಬಿದ್ದರೂ ಮೊಣಕಾಲು ಕೀಳುವುದಿಲ್ಲ. ಒಟ್ಟು 12 ಹುಡುಗರು. ಐವರು ನಮ್ಮ ಕನ್ನಡ, ತುಳು ಮನೆಯವರು. ಉಳಿದವರು ಮರಾಠಿ, ಗುಜರಾತಿ, ಉತ್ತರ ಪ್ರದೇಶದವರು.

ತಿಂಗಳ ಕೊನೆಗೆ ಒಂದು ದಿನದ ಸೆವೆನ್ಸ್, ಅಂದರೆ ಏಳು ಜನರ ರಗ್ಬಿ ಟೂರ್ನಿ ಇದೆ. ಒಳಗೆ 7, ಹೊರಗೆ 5. ಕಬಡ್ಡಿಯ ಲೆಕ್ಕವೇ. ಪ್ರಶ್ನೆ ಇರುವುದು ಆ ಹೊರಗಿನ ಐವರ ಬಗ್ಗೆ.

ದಕ್ಷಿಣ ಆಫ್ರಿಕಾದ ಆಟಗಳನ್ನು ನಾನು ಫೋನಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡ ರಗ್ಬಿಯಲ್ಲಿ ಒಳಗೆ 15 ಜನ. ಅದರಲ್ಲಿ 8 ಮಂದಿ ಫಾರ್ವರ್ಡ್, ಅಂದರೆ ಸ್ಕ್ರಮ್‌ನಲ್ಲಿ (ಎರಡೂ ಕಡೆಯವರು ತೋಳು ಹೆಣೆದು, ತಲೆ ತಗ್ಗಿಸಿ ಬಾಲಿಗಾಗಿ ಸೆಣಸುವುದು) ತಳ್ಳುವ ಭಾರೀ ಆಳುಗಳು. 7 ಮಂದಿ ಬ್ಯಾಕ್, ಓಡುವವರು, ಒದೆಯುವವರು. ಬೆಂಚಿನಲ್ಲಿ 8 ಜನ. ಆಗ ಹೆಚ್ಚಿನ ತಂಡಗಳು 5 ಫಾರ್ವರ್ಡ್, 3 ಬ್ಯಾಕ್ ಇಟ್ಟುಕೊಳ್ಳುತ್ತಿದ್ದವು. 2019ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಕೋಚ್ ರಾಸಿ ಎರಾಸ್ಮಸ್ ಅದನ್ನು 6-2 ಮಾಡಿದರು. ಮ್ಯಾಲ್ಕಮ್ ಮಾರ್ಕ್ಸ್‌ನಂಥ ಹುಕರ್ (ಸ್ಕ್ರಮ್ ಮುಂದಿನ ಸಾಲಿನ ನಡುವಿನವನು), ಕಿಟ್ಸಾಫ್‌ನಂಥ ಪ್ರಾಪ್ (ಹುಕರ್ ಪಕ್ಕದವನು) ಮೊದಲ ಹದಿನೈದರಲ್ಲಿ ಇಲ್ಲ! ಅವರೆಲ್ಲ ಬೆಂಚಿನಲ್ಲಿ. ಎದುರಾಳಿ ಸುಸ್ತಾದ ಹೊತ್ತಿಗೆ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಿದ್ದರು. ಆ ಬೆಂಚಿಗೆ ‘ಬಾಂಬ್ ಸ್ಕ್ವಾಡ್’ ಅಂತ ಹೆಸರೇ ಬಿತ್ತು. ಯೊಕೊಹಾಮಾ ಫೈನಲ್‌ನಲ್ಲಿ ಇಂಗ್ಲೆಂಡನ್ನು 32-12ರಿಂದ ಸೋಲಿಸಿದರು. ಇಂಗ್ಲೆಂಡಿಗೆ ಒಂದು ಟ್ರೈ (ಎದುರಾಳಿಯ ಗೆರೆ ದಾಟಿ ಬಾಲನ್ನು ನೆಲಕ್ಕೆ ಮುಟ್ಟಿಸುವುದು) ಕೂಡ ಸಿಗಲಿಲ್ಲ.

2023ರಲ್ಲಿ ಇನ್ನೂ ಮುಂದೆ ಹೋದರು, 7-1. ಆಗಸ್ಟಿನಲ್ಲಿ ಟ್ವಿಕೆನ್‌ಹ್ಯಾಮ್‌ನಲ್ಲಿ ಆಟ ಶುರುವಾಗುವ ಮೊದಲೇ ಒಬ್ಬ ಬ್ಯಾಕ್ ಹೊರಗುಳಿದ. ಅವನ ಜಾಗಕ್ಕೆ ಇನ್ನೊಬ್ಬ ಫಾರ್ವರ್ಡ್‌ನನ್ನೇ ಹಾಕಿದರು. ನ್ಯೂಜಿಲೆಂಡ್ 35-7ರಿಂದ ಸೋತಿತು. ಆಮೇಲೆ ಪ್ಯಾರಿಸ್‌ನ ವಿಶ್ವಕಪ್ ಫೈನಲ್‌ಗೂ ಅದೇ 7-1.

ನನ್ನ ತಂಡದಲ್ಲಿ ಒಬ್ಬ ಇದ್ದಾನೆ. 16 ವರ್ಷ, 84 ಕಿಲೋ. ಅವನಪ್ಪ ಬೊರಿವಲಿ ಸ್ಟೇಷನ್ ಹೊರಗೆ ಆಟೋ ಓಡಿಸುತ್ತಾರೆ. ಹುಡುಗ ಬಾಲ್ ಹಿಡಿದು ಹೊರಟರೆ ಇಬ್ಬರಿಂದ ನಿಲ್ಲಿಸಲು ಆಗುವುದಿಲ್ಲ. ಆದರೆ ಐದು ನಿಮಿಷ ಆದಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. ಅವನನ್ನು ಮೊದಲಾರ್ಧ ಹೊರಗಿಟ್ಟು ಎರಡನೇ ಅರ್ಧಕ್ಕೆ ಇಳಿಸಿದರೆ ಹೇಗೆ?

ಭಯ ಯಾಕೆ ಅಂದರೆ, ಹೋದ ವರ್ಷ ನಾನೊಂದು ತಪ್ಪು ಮಾಡಿದೆ. ಇಬ್ಬರು ಹುಡುಗರಿಗೆ ಅವತ್ತೇ ಶಾಲೆಯಲ್ಲಿ ಪರೀಕ್ಷೆ ಬಂತು. ಧೈರ್ಯ ಮಾಡೋಣ ಅಂತ ನಮ್ಮ ಅತಿ ವೇಗದ ಓಟಗಾರನನ್ನೇ ಸ್ಕ್ರಮ್ ನಡುವೆ ಹುಕರ್ ಆಗಿ ನಿಲ್ಲಿಸಿದೆ. ಮೈದಾನಕ್ಕೆ ಇಳಿಯುವಾಗ ಅವನಿಗೆ ಹೇಳಿದ್ದು. ನಮ್ಮದೇ ಬಾಲ್ ಇದ್ದ ಮೂರು ಸ್ಕ್ರಮ್ ಕಳೆದುಕೊಂಡೆವು. ಸೆಮಿಫೈನಲ್ ಸೋತೆವು. ಚರ್ಚ್‌ಗೇಟಿನಿಂದ ದಹಿಸರ್ ತನಕ ಆ ಹುಡುಗ ರೈಲಿನ ಬಾಗಿಲ ಹತ್ತಿರ ಮುಖ ತಿರುಗಿಸಿಕೊಂಡು ಅಳುತ್ತಿದ್ದ. ತಪ್ಪು ಅವನದಲ್ಲ, ನನ್ನದು. ಅದು ಮತ್ತೆ ಆಗಬಾರದು.

ದೊಡ್ಡವನನ್ನು ಕೂರಿಸುವುದು ಸರಿಯಾ? ಸರಿ ಅಂದರೆ, ಅವನಿಗೂ ಅವನಪ್ಪನಿಗೂ ಹೇಗೆ ಹೇಳಲಿ?


ರಾತ್ರಿಪಾಳಿ (ಹಿಂಜೆವಾಡಿ, ಪುಣೆ)

ಅಣ್ಣ, ನಾನು ಕಾಲೇಜಿನಲ್ಲಿ ಎರಡು ವರ್ಷ ಸೆವೆನ್ಸ್ ಆಡಿದ್ದೇನೆ. ಈಗ ರಾತ್ರಿ ಕೆಲಸದ ನಡುವೆ ಆಟ ನೋಡುವುದಷ್ಟೇ ಉಳಿದಿದೆ.

80 ನಿಮಿಷದ ಲೆಕ್ಕವನ್ನು 14 ನಿಮಿಷಕ್ಕೆ ಹಾಗೇ ತರಬೇಡಿ. ಬಾಂಬ್ ಸ್ಕ್ವಾಡ್ ನಡೆಯುವುದು ಎದುರಾಳಿಯ ಎಂಟು ಫಾರ್ವರ್ಡ್‌ಗಳು 50 ನಿಮಿಷ ತಳ್ಳಿ ತಳ್ಳಿ ಕಾಲು ಸೋತಾಗ. ನಿಮ್ಮ ಸ್ಕ್ರಮ್‌ನಲ್ಲಿ ಮೂರೇ ಜನ. ಏಳು ನಿಮಿಷಕ್ಕೆ ಅರ್ಧ ಆಟ ಮುಗಿದಿರುತ್ತದೆ.

ಇನ್ನೊಂದು ವಿಷಯ ತುಂಬಾ ಮುಖ್ಯ. ಸೆವೆನ್ಸ್‌ನಲ್ಲಿ ಅಂಕ ಗಳಿಸಿದ ತಂಡವೇ ಮತ್ತೆ ಕಿಕ್ ಆಫ್ ಮಾಡುತ್ತದೆ. ಹದಿನೈದರ ಆಟದಲ್ಲಿ ಇದು ಉಲ್ಟಾ. ಅಂದರೆ ಅವರು ಟ್ರೈ ಹೊಡೆದ ಮೇಲೆ ಬಾಲನ್ನು ಎತ್ತರಕ್ಕೆ ಒದ್ದು ತಾವೇ ಓಡಿ ಬರುತ್ತಾರೆ. ನೀವು ಅದನ್ನು ಹಿಡಿಯದಿದ್ದರೆ ಬಾಲ್ ಮತ್ತೆ ಅವರದು, ಇನ್ನೊಂದು ಟ್ರೈ. ನಿಮ್ಮ 84 ಕಿಲೋ ಹುಡುಗ ಎತ್ತರವೂ ಇದ್ದಾನೆ ಅಲ್ವಾ? ಅವನು ಹೊರಗಿದ್ದಾಗ ಆ ಬಾಲ್ ಹಿಡಿಯುವವರು ಯಾರು? ಇದಕ್ಕೆ ಉತ್ತರ ಇಲ್ಲದೆ ಅವನನ್ನು ಕೂರಿಸಬೇಡಿ.

ಹಾಗಂತ ಸೆವೆನ್ಸ್‌ನಲ್ಲಿ ಇದು ನಡೆಯುವುದೇ ಇಲ್ಲ ಅಂತಲೂ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ನೋಡಿ, ಫ್ರಾನ್ಸ್ ಮತ್ತು ಫಿಜಿ. ಆಂಟ್ವಾನ್ ಡ್ಯೂಪಾಂ ಆಗ ಜಗತ್ತಿನ ಅತ್ಯುತ್ತಮ ಆಟಗಾರ ಅಂತ ಬಹಳ ಜನ ಹೇಳುತ್ತಿದ್ದ ಹೆಸರು. ಸೆವೆನ್ಸ್ ಆಡಬೇಕು ಅಂತಲೇ ಆ ವರ್ಷ ಸಿಕ್ಸ್ ನೇಶನ್ಸ್ (ಯುರೋಪಿನ ಆರು ದೇಶಗಳ ಹದಿನೈದರ ಟೂರ್ನಿ) ಬಿಟ್ಟಿದ್ದ. ಅಂಥವನು ಫೈನಲ್‌ನ ಮೊದಲಾರ್ಧ ಬೆಂಚಿನಲ್ಲಿ! ಸ್ಕೋರ್ 7-7. ಎರಡನೇ ಅರ್ಧಕ್ಕೆ ಇಳಿದವನೇ ಅಂಚಿನಲ್ಲಿ ನುಗ್ಗಿ ಒಂದು ಟ್ರೈ ಮಾಡಿಸಿದ, ಆಮೇಲೆ ತಾನೇ ಎರಡು ಹೊಡೆದ. 28-7. ಅದಕ್ಕೆ ಮೊದಲು ಒಲಿಂಪಿಕ್ಸ್ ಸೆವೆನ್ಸ್‌ನಲ್ಲಿ ಫಿಜಿ ಸೋತೇ ಇರಲಿಲ್ಲ. ನಿಮ್ಮ ಹುಡುಗನಿಗೆ ಆ ವಿಡಿಯೋ ತೋರಿಸಿ.


ಮಾಟುಂಗದ ಹಿರಿಯ (ಮುಂಬಯಿ)

ಕೋಚ್ ಮಾರಾಯ್ರೆ, ನಿಮ್ಮ ಬರಹ ಓದಿ ಹಳೆಯದೆಲ್ಲ ನೆನಪಾಯಿತು. ನಾನು ಹದಿನಾಲ್ಕರಲ್ಲಿ ಊರು ಬಿಟ್ಟು ಫೋರ್ಟ್‌ನ ಹೋಟೆಲಿಗೆ ಬಂದವನು. ಹಗಲು ಲೋಟ ತೊಳೆಯುವ ಕೆಲಸ, ಸಂಜೆ ರಾತ್ರಿ ಶಾಲೆ. ಮಳೆಗಾಲದಲ್ಲಿ ಬಾಂಬೆ ಜಿಮ್‌ಖಾನಾದ ಬೇಲಿ ಹೊರಗೆ ನಿಂತು, ಕೆಸರಿನಲ್ಲಿ ಮುಳುಗಿದ ಹುಡುಗರು ಆ ಮೊಟ್ಟೆಯಂಥ ಚೆಂಡಿಗೆ ಗುದ್ದಾಡುವುದನ್ನು ನೋಡುತ್ತಿದ್ದೆ. ನಿಯಮ ಒಂದೂ ಗೊತ್ತಿರಲಿಲ್ಲ. ಆದರೂ ಹೋಟೆಲಿಗೆ ತಡವಾಗುವ ತನಕ ಅಲ್ಲಿಂದ ಕಾಲು ಕೀಳಲು ಆಗುತ್ತಿರಲಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ನಾನು ಹೇಳಬಲ್ಲೆ. ನಲವತ್ತು ವರ್ಷ ಹೋಟೆಲ್ ನಡೆಸಿದ್ದೇನೆ. ಒಳ್ಳೆಯ ದೋಸೆ ಭಟ್ಟರನ್ನು ನಾವು ಬೆಳಗ್ಗೆ ಐದಕ್ಕೆ ಕಾವಲಿ ಮುಂದೆ ನಿಲ್ಲಿಸುತ್ತಿರಲಿಲ್ಲ. ಸಂಜೆ ಐದರಿಂದ ಎಂಟು ಗಂಟೆಯ ರಶ್ ಅವರದು. ಅದು ಅವರಿಗೂ ಗೊತ್ತು, ಒಳಗಿನ ಹುಡುಗರಿಗೂ ಗೊತ್ತು. ಸಂಜೆಯ ಕಾವಲಿ ಅಂದರೆ ಅಡುಗೆಮನೆಯಲ್ಲಿ ದೊಡ್ಡ ಮರ್ಯಾದೆ. ಒಂದು ಸಲ ಹೊಸ ಮ್ಯಾನೇಜರ್ ಏನೂ ಹೇಳದೆ ಪಾಳಿ ಬದಲಿಸಿದ. ಭಟ್ಟರು ಮರುದಿನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟರು. ಕೆಲಸ ಅದೇ, ಸಂಬಳ ಅದೇ. ಕಾರಣ ಹೇಳಿರಲಿಲ್ಲ, ಅಷ್ಟೇ.

2013ರಲ್ಲಿ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ನಿಂದ ಆರಿಸಿದ ತಂಡ) ಆಸ್ಟ್ರೇಲಿಯಾಕ್ಕೆ ಹೋಗಿತ್ತು. ಸರಣಿ 1-1. ಕೊನೆಯ ಟೆಸ್ಟಿಗೆ ಕೋಚ್ ವಾರೆನ್ ಗ್ಯಾಟ್‌ಲಂಡ್ ಐರ್ಲೆಂಡ್‌ನ ಹೆಸರಾಂತ ಆಟಗಾರ ಬ್ರಯನ್ ಓಡ್ರಿಸ್ಕಾಲ್‌ನನ್ನೇ ಕೈಬಿಟ್ಟರು. ಬೆಂಚಿನಲ್ಲೂ ಜಾಗ ಇಲ್ಲ. ಅದು ಆತನ ನಾಲ್ಕನೇ ಲಯನ್ಸ್ ಪ್ರವಾಸ. ಐರ್ಲೆಂಡ್‌ನಲ್ಲಿ ಜನ ಕೆಂಡವಾದರು. ಶುರುವಿನ ಹದಿನೈದರಲ್ಲಿ ಹತ್ತು ಮಂದಿ ವೇಲ್ಸಿನವರು, ಕೋಚ್ ಕೂಡ ವೇಲ್ಸ್ ತಂಡದ ಕೋಚೇ. ಏನೆಲ್ಲ ಮಾತು ಬಂದಿರಬಹುದು ಯೋಚಿಸಿ. ಸಿಡ್ನಿಯಲ್ಲಿ 41-16ರಿಂದ ಗೆದ್ದರು. ಗೆದ್ದದ್ದಕ್ಕೆ ಆ ನಿರ್ಧಾರ ಉಳಿಯಿತು. ಸೋತಿದ್ದರೆ ಆ ಮನುಷ್ಯ ಡಬ್ಲಿನ್ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ. ಹುಡುಗನ ಅಪ್ಪನ ಹತ್ತಿರ ನೀವೇ ಹೋಗಿ. ಫೋನ್ ಬೇಡ. ಬೊರಿವಲಿ ಸ್ಟೇಷನ್ ಹೊರಗೆ ಅವರ ಆಟೋ ಪಕ್ಕ ನಿಂತು ಚಹಾ ಕುಡಿಯುತ್ತಾ ಹೇಳಿ.


ವಾಸ್ಕೊ ಫಿಸಿಯೊ (ಗೋವಾ)

ಕೋಚ್ ಅಣ್ಣಾವ್ರೆ, ನಾನು ಹುಬ್ಬಳ್ಳಿಯವಳು. ವಾಸ್ಕೊದಲ್ಲಿ ಫಿಸಿಯೊ ಕೆಲಸ. ಇಲ್ಲಿ ಫುಟ್‌ಬಾಲ್ ಹುಡುಗರ ಮೊಣಕಾಲು ನೋಡುವುದೇ ಜಾಸ್ತಿ. ರಗ್ಬಿ ನೋಡುವ ಚಟ ಹತ್ತಿಸಿದ್ದು ನನ್ನ ತಮ್ಮ.

ಹೋದ ವರ್ಷದ ವಿಷಯ ಓದಿ ನನಗೆ ಸೋಲಿನ ಬಗ್ಗೆ ಬೇಸರ ಆಗಲಿಲ್ಲ, ಆ ಹುಡುಗನ ಕುತ್ತಿಗೆ ನೆನೆದು ಭಯ ಆಯಿತು. ದಯವಿಟ್ಟು ಇದನ್ನು ಬೈಗುಳ ಅಂತ ತಿಳಿಯಬೇಡಿ. ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಅಭ್ಯಾಸ ಇಲ್ಲದವರನ್ನು ನಿಲ್ಲಿಸಲೇಬಾರದು. ಎರಡೂ ಕಡೆಯ ಭಾರ ತಲೆ, ಕುತ್ತಿಗೆ, ಭುಜಕ್ಕೆ ಬರುತ್ತದೆ. ದೊಡ್ಡ ರಗ್ಬಿಯಲ್ಲಿ 23 ಜನರ ತಂಡ ಅಂದರೆ ಬೆಂಚಿನಲ್ಲಿ ಮೂರು ಜಾಗ ಹುಕರ್ ಮತ್ತು ಪ್ರಾಪ್‌ಗಳಿಗೇ ಮೀಸಲು. ಆ ನಿಯಮ ಇರುವುದು ಇದಕ್ಕಾಗಿಯೇ. ರಾಸಿ ಎಷ್ಟೇ ಧೈರ್ಯ ಮಾಡಿದರೂ ಆ ಮೂರು ಜಾಗ ಮುಟ್ಟುವ ಹಾಗಿಲ್ಲ.

2023ರ ಫೈನಲ್ ನೆನಪಿಸಿಕೊಳ್ಳಿ. ಮೂರನೇ ನಿಮಿಷಕ್ಕೇ ದಕ್ಷಿಣ ಆಫ್ರಿಕಾದ ಹುಕರ್ ಬೊಂಗಿ ಎಂಬೊನಾಂಬಿಗೆ ಗಾಯ. ಮ್ಯಾಲ್ಕಮ್ ಮಾರ್ಕ್ಸ್ ಅದಾಗಲೇ ಮಂಡಿ ಪೆಟ್ಟಾಗಿ ಟೂರ್ನಿಯಿಂದಲೇ ಹೊರಗೆ. ಆಗ ಬಂದವನು ಡಿಯಾನ್ ಫೂರಿ, 37 ವರ್ಷ, ಆಡುತ್ತಿದ್ದದ್ದು ಹೆಚ್ಚಾಗಿ ಫ್ಲ್ಯಾಂಕರ್ (ಸ್ಕ್ರಮ್‌ನ ಪಕ್ಕಕ್ಕೆ ನಿಂತು ತಳ್ಳುವ ಫಾರ್ವರ್ಡ್). ಫ್ಲ್ಯಾಂಕರ್‌ನನ್ನು ಹುಕರ್ ಮಾಡಿ ಗೆದ್ದರು ಅಂತ ಜನ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಫೂರಿ ಚಿಕ್ಕ ವಯಸ್ಸಿನಲ್ಲಿ ವೆಸ್ಟರ್ನ್ ಪ್ರಾವಿನ್ಸ್ ಅನ್ನುವ ಅಲ್ಲಿನ ತಂಡಕ್ಕೆ ಹುಕರ್ ಆಗಿಯೇ ಆಡಿದವನು. ಆ ಕುತ್ತಿಗೆಗೆ, ಆ ಬೆನ್ನಿಗೆ ಆ ಕೆಲಸ ಗೊತ್ತಿತ್ತು. ಉಳಿದ ಹೆಚ್ಚುಕಡಿಮೆ ಪೂರ್ತಿ ಆಟ ಅವನೇ ಎಳೆದ. 12-11. ಒಂದೇ ಅಂಕ.

ಮಾರ್ಕ್ಸ್ ಜಾಗಕ್ಕೆ ಯಾರನ್ನು ಕರೆಸಿದರು ನೋಡಿ. ಹುಕರ್ ಅಲ್ಲ, ಫ್ಲೈ ಹಾಫ್ (ಆಟ ನಡೆಸುವ, ಒದೆಯುವ ಬ್ಯಾಕ್) ಹಾಂಡ್ರೆ ಪೊಲಾರ್ಡ್! ನನಗೆ ಅದೇ ಇಡೀ ವಿಶ್ವಕಪ್‌ನ ಅತಿ ದೊಡ್ಡ ಧೈರ್ಯ. ಅವನು ಆಡದ ಐರ್ಲೆಂಡ್ ಎದುರಿನ ಆಟದಲ್ಲಿ ಕಿಕ್‌ಗಳು ತಪ್ಪಿ 13-8ರಲ್ಲಿ ಸೋತರು. ಆಮೇಲೆ ಇಂಗ್ಲೆಂಡ್ ಎದುರಿನ ಸೆಮಿಫೈನಲ್‌ನಲ್ಲಿ 16-15ಕ್ಕೆ ತಂದ ಕೊನೆಯ ಪೆನಾಲ್ಟಿ ಪೊಲಾರ್ಡ್‌ದು. ಫೈನಲ್‌ನ 12 ಅಂಕವೂ ಅವನ ಕಾಲಿನಿಂದಲೇ. ಹುಕರ್ ಜಾಗವನ್ನು ಫೂರಿ ಮೇಲಿನ ನಂಬಿಕೆಯಿಂದ ಖಾಲಿ ಬಿಟ್ಟರು, ಆ ಜಾಗದಲ್ಲಿ ಕಿಕ್ ಮಾಡುವವನನ್ನು ತಂದರು. ಎರಡೂ ಸೇರಿ ಒಂದೇ ಲೆಕ್ಕ.

ನಿಮ್ಮ ದೊಡ್ಡ ಹುಡುಗ ಹೊರಗೆ ಕೂತಿದ್ದಾಗ ಮೈ ತಣ್ಣಗಾಗಲು ಬಿಡಬೇಡಿ. ಮೂರನೇ ನಿಮಿಷದಿಂದಲೇ ಗೆರೆ ಪಕ್ಕ ಓಡಾಡಲಿ. ಮುಂಬಯಿ ಸೆಖೆ ಬೇರೆ, ನೀರಿಗೆ ಉಪ್ಪು, ಸಕ್ಕರೆ, ನಿಂಬೆ ಹಾಕಿಡಿ.


ರಾತ್ರಿಪಾಳಿ (ಹಿಂಜೆವಾಡಿ, ಪುಣೆ)

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಸೋತ ಉದಾಹರಣೆಗಳನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ.

2019ರ ವಿಶ್ವಕಪ್ ಸೆಮಿಫೈನಲ್, ಇಂಗ್ಲೆಂಡ್ ಎದುರು. ನ್ಯೂಜಿಲೆಂಡ್ ತನ್ನ ಫ್ಲ್ಯಾಂಕರ್ ಸ್ಯಾಮ್ ಕೇನ್‌ನನ್ನು ಬೆಂಚಿಗೆ ಕಳಿಸಿ, ಲಾಕ್ (ಸ್ಕ್ರಮ್ ಎರಡನೇ ಸಾಲಿನ ಎತ್ತರದವನು) ಆಡುವ ಸ್ಕಾಟ್ ಬ್ಯಾರೆಟ್‌ಗೆ ಫ್ಲ್ಯಾಂಕರ್‌ನ 6ನೇ ನಂಬರ್ ಜೆರ್ಸಿ ಕೊಟ್ಟಿತು. ಎತ್ತರ ಸಿಗುತ್ತದೆ, ಲೈನ್‌ಔಟ್ (ಹೊರಹೋದ ಬಾಲನ್ನು ಒಳಗೆಸೆದಾಗ ಎಗರಿ ಹಿಡಿಯುವುದು) ಗಟ್ಟಿಯಾಗುತ್ತದೆ ಅನ್ನುವ ಲೆಕ್ಕ. ನೆಲದ ಮೇಲಿನ ಬಾಲಿಗೆ ಇಂಗ್ಲೆಂಡಿನ ಅಂಡರ್‌ಹಿಲ್, ಕರಿ ಇಬ್ಬರೂ ಇವರಿಗಿಂತ ಮೊದಲು ತಲುಪುತ್ತಿದ್ದರು. ಅರ್ಧ ಆಟಕ್ಕೇ ಬ್ಯಾರೆಟ್ ಹೊರಗೆ, ಕೇನ್ ಒಳಗೆ. 19-7ರಿಂದ ಸೋತರು.

2015ರಲ್ಲಿ ಇಂಗ್ಲೆಂಡಿನ ಸ್ಯಾಮ್ ಬರ್ಜೆಸ್ ಕಥೆ ನನಗೆ ಇನ್ನೂ ನೋವು ಕೊಡುತ್ತದೆ. ರಗ್ಬಿ ಲೀಗ್‌ನಲ್ಲಿ (ಹದಿಮೂರು ಜನರ ಬೇರೆ ಬಗೆಯ ರಗ್ಬಿ) ಹುಲಿ ಅವನು. ಯೂನಿಯನ್‌ಗೆ, ಅಂದರೆ ಈ ಹದಿನೈದರ ಆಟಕ್ಕೆ ಬಂದು ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ. ಕ್ಲಬ್ಬಿನಲ್ಲಿ ಫ್ಲ್ಯಾಂಕರ್ ಆಡಿಸುತ್ತಿದ್ದರು, ದೇಶಕ್ಕೆ ಸೆಂಟರ್ (ನಡುವೆ ಓಡುವ ಬ್ಯಾಕ್) ಆಡಿಸಿದರು. ವೇಲ್ಸ್ ಎದುರು 12ನೇ ನಂಬರ್ ಕೊಟ್ಟರು. ಅವನೇನೂ ಕೆಟ್ಟದಾಗಿ ಆಡಲಿಲ್ಲ. ಆದರೆ 28-25ಕ್ಕೆ ಸೋತರು, ತಮ್ಮ ನೆಲದ ವಿಶ್ವಕಪ್‌ನಲ್ಲೇ ಗುಂಪು ಹಂತದಲ್ಲಿ ಹೊರಬಿದ್ದರು. ಬೈಗುಳ ಎಲ್ಲ ಅವನ ತಲೆಗೆ. ವರ್ಷದ ಕೊನೆಗೆ ವಾಪಸ್ ಲೀಗ್‌ಗೇ ಹೋಗಿಬಿಟ್ಟ. ಆರಿಸಿದವರು ಬೇರೆ, ಬೈಸಿಕೊಂಡವನು ಬೇರೆ.


ಮಾಟುಂಗದ ಹಿರಿಯ (ಮುಂಬಯಿ)

ಫ್ರಾನ್ಸ್‌ನವರೂ 7-1 ಮಾಡಿದ್ದು ನೋಡಿದ್ದೀರಾ? 2025ರ ಮಾರ್ಚ್, ಡಬ್ಲಿನ್, ಐರ್ಲೆಂಡ್ ಎದುರು. ಅರ್ಧ ಗಂಟೆಯೊಳಗೆ ಡ್ಯೂಪಾಂ ಮಂಡಿ ಹಿಡಿದುಕೊಂಡು ಹೊರಬಂದ. ಬೆಂಚಿನಲ್ಲಿದ್ದ ಒಬ್ಬನೇ ಬ್ಯಾಕ್ ಅವನ ಜಾಗಕ್ಕೆ ಇಳಿದ. ಆಮೇಲೆ ಒಬ್ಬ ಫ್ಲ್ಯಾಂಕರ್‌ನನ್ನು ಸೆಂಟರ್‌ನಲ್ಲಿ ನಿಲ್ಲಿಸಿ ಆಡಿದರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಆದರೂ 42-27ಕ್ಕೆ ಗೆದ್ದರು.


ಗೊರಾಯಿ ಕೋಚ್ (ದಹಿಸರ್, ಮುಂಬಯಿ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಫಿಸಿಯೊ ಅಕ್ಕ, ನಿಮ್ಮ ಮಾತು ಬೈಗುಳ ಅಲ್ಲ. ಕುತ್ತಿಗೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನು ಮೇಲೆ ನಾಲ್ಕು ಹುಡುಗರು ಮಾತ್ರ ಸ್ಕ್ರಮ್‌ಗೆ. ಅವರ ಹೆಸರು ಬರೆದು ಅಂಟಿಸಿದ್ದೇನೆ. ನಾಲ್ವರಲ್ಲಿ ಇಬ್ಬರು ಇಲ್ಲ ಅಂದರೆ ಆಟವನ್ನೇ ಬಿಟ್ಟುಕೊಡುತ್ತೇನೆ, ಬೇರೆ ಹುಡುಗನನ್ನು ನಿಲ್ಲಿಸುವುದಿಲ್ಲ.

ಹಿರಿಯರೇ, ನಿನ್ನೆ ಬೊರಿವಲಿಗೆ ಹೋಗಿದ್ದೆ. ಹುಡುಗನ ಅಪ್ಪ ಮೊದಲು ಮುಖ ಗಂಟಿಕ್ಕಿದರು. ಮಗನನ್ನು ತೆಗೆದುಬಿಟ್ಟಿರಿ ಅಂದುಕೊಂಡರು. ನಾನು ಫೋನ್ ತೆಗೆದು ಡ್ಯೂಪಾಂನ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ತೋರಿಸಿದೆ. ಇವನು ಹೊರಗಿದ್ದ, ಈಗ ಇಳಿದ, ನೋಡಿ ಅಂದೆ. ಅವರು ಎರಡು ಸಲ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟನೇ ನಿಮಿಷಕ್ಕೆ ಇಳಿಸುತ್ತೀರಿ?’ ಎರಡನೇ ಅರ್ಧದ ಮೊದಲ ಕಿಕ್‌ಗೇ ಅಂದೆ. ಚಹಾದ ದುಡ್ಡು ಅವರೇ ಕೊಟ್ಟರು.

ಹುಡುಗನಿಗೂ ಅದನ್ನೇ ಹೇಳಿದ್ದೇನೆ. ಗುಂಪಿನ ಆಟಗಳಲ್ಲಿ ಮೊದಲಿಂದ ಆಡುತ್ತೀಯ, ಸೆಮಿಫೈನಲ್‌ಗೆ ಬಂದರೆ ಎರಡನೇ ಅರ್ಧ ನಿನ್ನದು. ಮೂರು ಭಾನುವಾರ ಹಾಗೆಯೇ ಆಡಿಸಿ ಅಭ್ಯಾಸ ಮಾಡಿಸುತ್ತೇನೆ. ಪುಣೆಯ ತಮ್ಮ ಕೇಳಿದ ಕಿಕ್ ಆಫ್ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಒಬ್ಬ ಸಣ್ಣ ಹುಡುಗನನ್ನು ಇಬ್ಬರು ಎತ್ತಿ ಹಿಡಿಯುವುದನ್ನು ಕಲಿಸುತ್ತಿದ್ದೇನೆ. ಹತ್ತರಲ್ಲಿ ಐದು ಬಾಲ್ ಹಿಡಿಯುತ್ತಾನೆ.


ರಾತ್ರಿಪಾಳಿ (ಹಿಂಜೆವಾಡಿ, ಪುಣೆ)

ಹತ್ತರಲ್ಲಿ ಐದು ಸಾಲದು ಅಣ್ಣ. ಎಂಟು ಆಗಲಿ. ಟೂರ್ನಿ ಮುಗಿದ ಮೇಲೆ ಮರೆಯದೆ ಇಲ್ಲಿ ಬರೆಯಿರಿ.


ಗೊರಾಯಿ ಕೋಚ್ (ದಹಿಸರ್, ಮುಂಬಯಿ)

ಟೂರ್ನಿ ಮುಗಿಯಿತು. ಈಗಷ್ಟೇ ಮನೆಗೆ ಬಂದೆ, ಸ್ನಾನ ಕೂಡ ಆಗಿಲ್ಲ.

ಗುಂಪಿನಲ್ಲಿ ಎರಡು ಗೆದ್ದೆವು, ಒಂದು ಸೋತೆವು. ಸೆಮಿಫೈನಲ್‌ನಲ್ಲಿ ಅರ್ಧ ಆಟಕ್ಕೆ 5-12ರಿಂದ ಹಿಂದೆ ಇದ್ದೆವು. ದೊಡ್ಡವನು ಗೆರೆ ಪಕ್ಕ ಓಡಾಡಿ ಓಡಾಡಿ ಬೆವರು ಸುರಿಸುತ್ತಿದ್ದ, ನನ್ನ ಕಡೆ ನೋಡಲೇ ಇಲ್ಲ. ವಿಸಿಲ್ ಆದ ಕೂಡಲೇ ಅವನೇ ಒಳಗೆ ಹೋಗಿ ನಿಂತ. ಎದುರಿನ ಹುಡುಗರು ಅವನನ್ನು ನೋಡಿ ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡರು. ಮೊದಲ ಓಟಕ್ಕೇ ಇಬ್ಬರನ್ನು ಎಳೆದುಕೊಂಡು ಹದಿನೈದು ಮೀಟರ್ ಹೋದ. ಅವನು ಬೀಳುವಾಗ ಕೊಟ್ಟ ಬಾಲ್ ಹಿಡಿದು ಟ್ರೈ ಹೊಡೆದವನು ಯಾರು ಗೊತ್ತಾ? ಹೋದ ವರ್ಷ ರೈಲಿನಲ್ಲಿ ಅತ್ತವನು. ಅವನ ಜಾಗದಲ್ಲಿ, ಅಂಚಿನಲ್ಲಿ. 17-12ಕ್ಕೆ ಗೆದ್ದೆವು.

ಫೈನಲ್ ಸೋತೆವು, 10-19. ಪುಣೆಯ ತಮ್ಮ ಹೇಳಿದ್ದು ಹಾಗೇ ಆಯಿತು. ಮೊದಲಾರ್ಧದಲ್ಲಿ ಅವರು ಟ್ರೈ ಹೊಡೆದರು, ಬಾಲ್ ಎತ್ತರಕ್ಕೆ ಒದ್ದರು. ನಮ್ಮ ಸಣ್ಣವನನ್ನು ಎತ್ತಿದರು, ಬೆರಳಿಗೆ ತಾಗಿ ಜಾರಿತು, ಮತ್ತೆ ಟ್ರೈ. ದೊಡ್ಡವನು ಇಳಿಯುವ ಹೊತ್ತಿಗೆ 0-14. ಫೈನಲ್‌ಗೆ ಅವನನ್ನು ಮೊದಲಿಂದ ಆಡಿಸಬೇಕಿತ್ತೇನೋ. ಆದರೆ ಅಷ್ಟು ಹೊತ್ತಿಗೆ ಅವನ ನಾಲ್ಕು ಆಟ ಆಗಿತ್ತು, ಕಾಲು ನಡುಗುತ್ತಿತ್ತು. ಇವತ್ತಿಗೂ ನಾನು ಅದೇ ನಿರ್ಧಾರ ಮಾಡುತ್ತೇನೆ ಅನಿಸುತ್ತದೆ.

ವಾಪಸ್ ಬರುವಾಗ ರೈಲಿನಲ್ಲಿ ಯಾರೂ ಅಳಲಿಲ್ಲ. ಅಂಧೇರಿ ದಾಟುವಾಗ ದೊಡ್ಡವನು ನನ್ನ ಪಕ್ಕ ಬಂದು ಕೂತ. ‘ಸರ್, ನಾನು ಹೊರಗಿರುವಾಗ ಆ ಬಾಲ್ ಹಿಡಿಯಲು ಇವನಿಗೆ ನಾನೇ ಕಲಿಸುತ್ತೇನೆ. ಮೇಲಿಂದ ಬರುವಾಗ ಕಣ್ಣು ಮುಚ್ಚುತ್ತಾನೆ, ನೀವು ನೋಡಿಲ್ಲ’ ಅಂದ. ನಿಜ, ನಾನು ನೋಡಿರಲಿಲ್ಲ. ಹೊರಗೆ ನಿಂತ ಏಳು ನಿಮಿಷದಲ್ಲಿ ಅವನು ನೋಡಿದ್ದಾನೆ.

ಈ ಭಾನುವಾರ ಏಳು ಗಂಟೆಗೆ ನೀರು ಇಳಿದಿರುತ್ತದೆ. ಇಬ್ಬರೂ ಆರೂವರೆಗೇ ಬರುತ್ತಾರಂತೆ. ಒದೆಯಲು ನಾನು ಬೇಕಂತೆ.